ಮೊದಲ ಸುತ್ತಿನಲ್ಲೇ ಕಿಕ್ಕರ್

ನಾನಾಡಿದ ಒಂದೇ ಮಾತಿಗೆ ಏಳು ಜನ ಒಟ್ಟಿಗೆ ನಕ್ಕಿದ್ದು ನನ್ನ ಜೀವಮಾನದಲ್ಲಿ ಒಂದೇ ಸಲ. ಒಮಾನಿನ ಸೊಹಾರ್ ಬಂದರಿನ ಹತ್ತಿರದ ಒಂದು ಕಂಟೇನರ್ ಆಫೀಸಿನಲ್ಲಿ, ಎರಡು ಸಾವಿರದ ಐದೋ ಆರೋ ಇರಬೇಕು, ಸೆಪ್ಟೆಂಬರಿನ ಒಂದು ಗುರುವಾರ ಮಧ್ಯಾಹ್ನ. ನಾನು ಹೇಳಿದ್ದು ಒಬ್ಬ ಅಮೆರಿಕನ್ ಫುಟ್‌ಬಾಲ್ ಆಟಗಾರನ ಹೆಸರು. ಹೆಸರನ್ನು ಸರಿಯಾಗಿಯೇ ಓದಿದ್ದೆ. ಆ ಮನುಷ್ಯ ಮೈದಾನದಲ್ಲಿ ಏನು ಕೆಲಸ ಮಾಡುತ್ತಾನೆ ಎಂದು ಮಾತ್ರ ನೋಡಿರಲಿಲ್ಲ.

ಅಲ್ಲಿ ಆಗ ಒಂದು ಕಾರ್ಖಾನೆ ಏಳುತ್ತಿತ್ತು. ನಾನು ಮೈಸೂರಿನಿಂದ ಹೋದ ಪ್ಲಾನಿಂಗ್ ಎಂಜಿನಿಯರ್. ಯಾರು ಎಷ್ಟು ಗಂಟೆ ಯಾವ ಕೆಲಸ ಮಾಡಿದರು ಎಂದು ವಾರವಾರವೂ ಹಾಳೆ ತುಂಬಿಸುವುದು, ಉಳಿದ ಕೆಲಸಕ್ಕೆ ಇನ್ನೆಷ್ಟು ಗಂಟೆ ಬೇಕು ಎಂದು ಅಂದಾಜು ಹೇಳುವುದು, ಅಂದಾಜು ತಪ್ಪಿದಾಗ ಬೈಸಿಕೊಳ್ಳುವುದು ನನ್ನ ಪಾಡು. ಮನೆ ಮಾಡಿದ್ದು ಹತ್ತಿರದ ಪುಟ್ಟ ಊರು ಸಹಮ್‌ನಲ್ಲಿ. ಬಾಡಿಗೆ ಸೊಹಾರಿಗಿಂತ ಕಡಿಮೆ, ತರಕಾರಿ ಪಕ್ಕದ ತೋಟಗಳಿಂದಲೇ ಅಂಗಡಿಗೆ ಬರುತ್ತಿತ್ತು, ಹೆಂಡತಿಗೆ ಸಮುದ್ರದ ದಂಡೆಯ ವಾಕಿಂಗ್ ಹಿಡಿಸಿತ್ತು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬ ಅಮೆರಿಕನ್. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರ, ಮಾತಾಡಿದರೆ ಪಕ್ಕದ ಕಂಟೇನರಿಗೂ ಕೇಳುವಷ್ಟು ಗಂಟಲು. ನಾವೆಲ್ಲ ಬಾಸ್ ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ಆದರೆ ಊರಿನ ಫುಟ್‌ಬಾಲ್ ಇಲ್ಲದೆ ಆತನಿಗೆ ಉಸಿರಾಡಲು ಆಗುತ್ತಿರಲಿಲ್ಲ.

ಆ ಫುಟ್‌ಬಾಲಿನ ಮೇಲೆ ಆಫೀಸಿನಲ್ಲಿ ಕೂತು ಆಡುವ ಒಂದು ಆಟ ಇದೆ. ಅದಕ್ಕೆ ಎಂಟು ಜನ ಬೇಕು. ಅಮೆರಿಕನ್ನರು ಇದ್ದದ್ದೇ ಇಬ್ಬರು, ಬಾಸ್ ಮತ್ತು ವೆಲ್ಡಿಂಗ್ ಪರೀಕ್ಷಿಸುವ ಇನ್‌ಸ್ಪೆಕ್ಟರ್. ಹಾಗಾಗಿ ಕೈಗೆ ಸಿಕ್ಕ ಆರು ಜನ ಭಾರತೀಯರನ್ನು ಬಿರಿಯಾನಿಯ ಆಸೆ ತೋರಿಸಿ ಎಳೆದು ಕೂರಿಸಿದ್ದಾಯಿತು. ಆಟ ಇಷ್ಟೆ. ಅಮೆರಿಕದ ವೃತ್ತಿಪರ ಲೀಗಿನ ಆಟಗಾರರನ್ನು ನಾವು ಸರದಿಯ ಪ್ರಕಾರ ಒಬ್ಬೊಬ್ಬರಾಗಿ ಆರಿಸಿಕೊಳ್ಳಬೇಕು. ಗಲ್ಲಿ ಕ್ರಿಕೆಟ್ಟಿನಲ್ಲಿ ಇಬ್ಬರು ಕ್ಯಾಪ್ಟನ್‌ಗಳು ಇವನು ನಂಗೆ, ಅವನು ನಿಂಗೆ ಎಂದು ಹಂಚಿಕೊಳ್ಳುವುದಿಲ್ಲವೇ, ಹಾಗೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಅಲ್ಲಿನ ನಿಜವಾದ ತಂಡಗಳೂ ಪ್ರತಿವರ್ಷ ಕಾಲೇಜು ಹುಡುಗರನ್ನು ಹೀಗೇ ಸುತ್ತಿನ ಮೇಲೆ ಸುತ್ತು ಆರಿಸಿಕೊಳ್ಳುತ್ತವಂತೆ. ಆಮೇಲೆ ವಾರವಾರದ ಪಂದ್ಯಗಳಲ್ಲಿ ನಮ್ಮ ಆಟಗಾರರು ಆಡಿದಷ್ಟು ಅಂಕ ನಮಗೆ.

ಬಾಸ್ ಎಲ್ಲರ ಕೈಗೂ ಹಿಂದಿನ ವರ್ಷದ ಪಟ್ಟಿ ಕೊಟ್ಟ. ಪಟ್ಟಿ ಓದುವುದರಲ್ಲಿ ನನಗೆ ಸ್ವಲ್ಪ ಜಂಬ. ಹೊಟ್ಟೆಪಾಡೇ ಅದಲ್ಲವೇ. ನೋಡಿದೆ, ಕೊನೆಯಲ್ಲಿ 'ಗಳಿಸಿದ ಒಟ್ಟು ಅಂಕ' ಎಂಬ ಕಾಲಂ ಇತ್ತು. ಕ್ರಿಕೆಟ್ ಸ್ಕೋರ್‌ಬೋರ್ಡ್ ನೋಡಿ ಬೆಳೆದವನಿಗೆ ಇನ್ನೇನು ಬೇಕು? ಹೆಚ್ಚು ರನ್ ಹೊಡೆದವನೇ ದೊಡ್ಡ ಬ್ಯಾಟ್ಸ್‌ಮನ್. ಬೆರಳು ಇಳಿಸುತ್ತಾ ಹೋಗಿ ಎಲ್ಲರಿಗಿಂತ ಹೆಚ್ಚು ಅಂಕ ಇದ್ದವನನ್ನು ಹಿಡಿದೆ. ಇಂಥವನನ್ನು ನನಗಿಂತ ಮೊದಲಿನ ಇಬ್ಬರೂ ಬಿಟ್ಟಿದ್ದಾರಲ್ಲ, ಪಾಪ, ಎಂದು ಮರುಕವೂ ಆಯಿತು. ನನ್ನ ಸರದಿ ಬಂದಾಗ ಗಟ್ಟಿಯಾಗಿ ಅವನ ಹೆಸರು ಹೇಳಿದೆ.

ಬಾಸ್ ಮೇಜು ಗುದ್ದಿ ನಕ್ಕ. ಇನ್‌ಸ್ಪೆಕ್ಟರ್ ಕಣ್ಣೊರೆಸಿಕೊಂಡ. ಉಳಿದ ಐವರಿಗೂ ನನಗೆ ಗೊತ್ತಿದ್ದಷ್ಟೇ ಗೊತ್ತಿದ್ದದ್ದು. ಬಾಸ್ ನಕ್ಕನಲ್ಲ ಎಂದು ಅವರೂ ನಕ್ಕರು. ನಾನು ಆರಿಸಿದ್ದು ಕಿಕ್ಕರನ್ನು. ಚೆಂಡು ಒದೆಯುವುದಷ್ಟೇ ಅವನ ಕೆಲಸ. ಉಳಿದವರು ಬಡಿದಾಡಿ, ಮಣ್ಣು ಮುಕ್ಕಿ, ಚೆಂಡನ್ನು ಅಷ್ಟು ದೂರ ಒಯ್ದು, ಇನ್ನು ಮುಂದೆ ಹೋಗಲಾಗದು ಎಂದಾದಾಗ ಇವನು ಬರುತ್ತಾನೆ, ಎರಡು ಕಂಬಗಳ ನಡುವೆ ಒದೆಯುತ್ತಾನೆ, ಮೂರು ಅಂಕ ಬರೆಸಿಕೊಂಡು ಹೋಗಿ ಮತ್ತೆ ಗೆರೆಯಾಚೆ ನಿಂತುಕೊಳ್ಳುತ್ತಾನೆ. ಬಟ್ಟೆಯೂ ಕೊಳೆಯಾಗುವುದಿಲ್ಲ. ಅಂಥವನನ್ನು ಆರಿಸುವುದು ಎಲ್ಲ ಮುಗಿದ ಮೇಲೆ, ಕಟ್ಟಕಡೆಯ ಸುತ್ತಿನಲ್ಲಂತೆ. ನಾನು ಮೊದಲ ಸುತ್ತಿನಲ್ಲೇ ಆರಿಸಿ ಕೂತಿದ್ದೆ. ಬದಲಾಯಿಸಲು ಬಾಸ್ ಒಂದು ಅವಕಾಶ ಕೊಟ್ಟ. ನನಗೆ ಸಿಟ್ಟು ಬಂದಿತ್ತು. ಬೇಡ, ಇವನೇ ಇರಲಿ, ಎಂದುಬಿಟ್ಟೆ.

ಬಾಗಿಲ ಹತ್ತಿರ ಬಿರಿಯಾನಿ ತಟ್ಟೆ ಹಿಡಿದು ನಿಂತಿದ್ದವರು ಒಬ್ಬರೇ ನಗಲಿಲ್ಲ. ಅವರು ಉಡುಪಿ ಕಡೆಯ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ನಮ್ಮ ರಿಗ್ಗಿಂಗ್ ಸೂಪರ್‌ವೈಸರ್, ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಆಟಕ್ಕೆ ಕರೆದರೆ ಕೈ ಮುಗಿದು ತಪ್ಪಿಸಿಕೊಂಡಿದ್ದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಅಲ್ಲ ಮಾರಾಯ್ರೆ, ಎಲ್ಲರೂ ತಳ್ಳಾಡಿ ಮುಗಿದ ಮೇಲೆ ಒದೀಲಿಕ್ಕೆ ಬರುವುದು ಅವನೊಬ್ಬನೇ ಅಲ್ವಾ? ತಪ್ಪಿದ್ರೆ ಅವನನ್ನೇ ಬೈಯುವುದಲ್ವಾ?"

ಹೌದಂತೆ, ಎಂದೆ. "ಹಾಗಾದ್ರೆ ನೀವು ತೆಗೊಂಡದ್ದು ಸರಿ ಉಂಟು," ಎಂದು ತಟ್ಟೆ ಇಡಲು ಹೋದರು.

ಅವರ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕ್ರೇನಿನಲ್ಲಿ ಭಾರವಾದದ್ದನ್ನು ಎತ್ತುವಾಗ ಯಾವ ಬೆಲ್ಟು, ಯಾವ ಸರಪಳಿ, ಎಲ್ಲಿ ಕಟ್ಟಬೇಕು ಎಂದು ನೋಡುವವರು ಅವರು. ಎತ್ತಲು ಶುರುವಾದ ಮೇಲೆ ಕ್ರೇನ್ ನಡೆಸುವವನು ನೋಡುವುದು ಅವರ ಕೈಯನ್ನು ಮಾತ್ರ. ಬೆರಳು ಮೇಲೆ ಎಂದರೆ ಮೇಲೆ, ಮುಷ್ಟಿ ಎಂದರೆ ನಿಲ್ಲು. ಆಗ ಸುತ್ತಮುತ್ತ ಯಾರೂ ಕೈ ಎತ್ತಬಾರದು. ಸನ್ನೆ ಕೊಡುವ ಹಕ್ಕು ಒಬ್ಬರದೇ ಆದರೂ, ಯಾರದೇ ಕೈ ಮೇಲೆ ಹೋದರೂ ಏನೋ ಅಪಾಯವಿದೆ ಎಂದು ತಿಳಿದು ಕ್ರೇನಿನವನು ನಿಲ್ಲಿಸಲೇಬೇಕು. ಒಮ್ಮೆ ನಾನು ನೊಣ ಓಡಿಸಲು ಕೈ ಬೀಸಿ ಅವರಿಂದ ಎಲ್ಲರೆದುರು ಬೈಸಿಕೊಂಡಿದ್ದೆ. ಅಷ್ಟು ಮೆತ್ತಗೆ ಮಾತಾಡುವ ಮನುಷ್ಯ ಹಾಗೆ ಗದರಬಲ್ಲರೆಂದು ಅವತ್ತೇ ಗೊತ್ತಾಗಿದ್ದು.

ಆದರೆ ಇಂಥ ದೊಡ್ಡ ಎತ್ತುವಿಕೆ ತಿಂಗಳಿಗೆ ಎರಡೋ ಮೂರೋ. ಉಳಿದ ದಿನ ಅವರು ನೆರಳಿನಲ್ಲಿ ಥರ್ಮಾಸ್ ಫ್ಲಾಸ್ಕ್ ಇಟ್ಟುಕೊಂಡು ಕೂತು ಬೆಲ್ಟುಗಳ ನೂಲು ಎಲ್ಲಾದರೂ ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದರು. ಹೋಗಿಬರುವವರಿಗೆ ಸುಮ್ಮನೆ ಕೂತ ಹಾಗೇ ಕಾಣುತ್ತಿತ್ತು.

ಆ ಸೀಸನ್ ಪೂರ್ತಿ ಸೋಮವಾರ ಬೆಳಿಗ್ಗೆ ಬಂದ ಕೂಡಲೇ ಬಾಸ್ ಫಲಿತಾಂಶ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಿದ್ದ. ಉಡುಪಿಯವರು ಬಾಗಿಲಲ್ಲಿ ತಲೆ ಹಾಕಿ, "ನಮ್ಮ ಜನ ಎಂತ ಮಾಡಿದ?" ಎಂದು ವಿಚಾರಿಸುತ್ತಿದ್ದರು. ಇಡೀ ಲೀಗಿನಲ್ಲಿ ಅವರಿಗೆ ಪರಿಚಯವಿದ್ದದ್ದು ನನ್ನ ಕಿಕ್ಕರ್ ಒಬ್ಬನೇ. ಮೂರು ಸಲ ಒದ್ದ, ಮೂರೂ ಹೋಯಿತು, ಎಂದರೆ ತಲೆಯಾಡಿಸಿ ಹೋಗುತ್ತಿದ್ದರು. ಒಂದು ತಪ್ಪಿತು ಎಂದರೆ, ಗಾಳಿ ಇತ್ತೋ ಕೇಳಿ, ಎನ್ನುತ್ತಿದ್ದರು.

ಟೀ ಹೊತ್ತಿನಲ್ಲಿ ನನಗೂ ಬಾಸಿಗೂ ವಾದ. ಆತನ ಊರಿನ ತಂಡ ಯಾವುದೋ ಕಾಲದಲ್ಲಿ ನಿಜವಾದ ಡ್ರಾಫ್ಟಿನಲ್ಲಿ ಮೇಲಿನ ಸುತ್ತಿನಲ್ಲೇ ಒಬ್ಬ ಕಿಕ್ಕರನನ್ನು ಆರಿಸಿ ಕೈ ಸುಟ್ಟುಕೊಂಡಿತ್ತಂತೆ. ಆ ಗಾಯ ಇನ್ನೂ ಮಾಗಿರಲಿಲ್ಲ. ಒಂದು ಆಯ್ಕೆ ಎಂದರೆ ಸುಮ್ಮನೆಯಲ್ಲ, ಅದರಲ್ಲಿ ಹತ್ತು ವರ್ಷ ಗೋಡೆಯಂತೆ ನಿಲ್ಲುವ ಒಬ್ಬ ಹುಡುಗ ಸಿಗಬಹುದು. ಒದೆಯುವವರು ಬೀದಿಯಲ್ಲಿ ಸಿಗುತ್ತಾರೆ, ಫೋನ್ ಮಾಡಿದರೆ ಮಂಗಳವಾರ ಬಂದು ನಿಲ್ಲುತ್ತಾರೆ. ಮೇಲಿನ ಸುತ್ತಿನಲ್ಲಿ ಆರಿಸಿಕೊಂಡವನಿಗೂ ಹಾಗೆ ಬಂದವನಿಗೂ ಹೇಳುವಂಥ ವ್ಯತ್ಯಾಸವೇ ಇರುವುದಿಲ್ಲ. ಒಂದು ವರ್ಷ ಒಂದೂ ತಪ್ಪದವನು ಮರುವರ್ಷ ಕಂಬಕ್ಕೇ ಹೊಡೆಯುತ್ತಾನೆ. ಇದು ಆತನ ವಾದ. ನನ್ನದು ಒಂದೇ ಪ್ರಶ್ನೆ. ಎರಡು-ಮೂರು ಅಂಕದಲ್ಲೇ ಅಷ್ಟೊಂದು ಪಂದ್ಯ ಮುಗಿಯುತ್ತವಲ್ಲ, ಅದೂ ಕೊನೇ ನಿಮಿಷದಲ್ಲಿ? ಆಗ ಮೈದಾನಕ್ಕೆ ಬರುವವನನ್ನು ಬೀದಿಯಿಂದ ತರುತ್ತೀರಾ?

ಸತ್ಯ ಹೇಳಬೇಕೆಂದರೆ ಆತನ ವಾದವೇ ಗಟ್ಟಿ. ಡಿಸೆಂಬರಿನಲ್ಲಿ ನಮ್ಮ ಆಟ ಮುಗಿದಾಗ ಎಂಟು ಜನರಲ್ಲಿ ನನ್ನದು ಏಳನೆಯ ಸ್ಥಾನ. ನನ್ನ ಕಿಕ್ಕರ್ ಚೆನ್ನಾಗಿಯೇ ಒದ್ದಿದ್ದ, ಆದರೆ ಕಡೆಯ ಸುತ್ತಿನಲ್ಲಿ ಬಾಸ್ ಎತ್ತಿಕೊಂಡಿದ್ದ ಕಿಕ್ಕರನೂ ಅಷ್ಟೇ ಚೆನ್ನಾಗಿ ಒದ್ದಿದ್ದ.

ಅಷ್ಟರಲ್ಲಿ ಕಾರ್ಖಾನೆಯ ಕೆಲಸವೂ ಇಳಿಮುಖವಾಗಿತ್ತು. ಜನವರಿ ಕೊನೆಗೆ ಒಂದಷ್ಟು ಜನರನ್ನು ಕಳಿಸಬೇಕು, ಯಾರು ಎಷ್ಟು ಗಂಟೆ ಕೆಲಸ ಮಾಡಿದ್ದಾರೆ ಎಂದು ಪಟ್ಟಿ ಕೊಡು, ಎಂದ ಬಾಸ್. ನಾನು ಎಂದಿನಂತೆ ಹಾಳೆಗಳನ್ನೆಲ್ಲ ಒಟ್ಟು ಮಾಡಿ, ಹೆಚ್ಚು ಗಂಟೆಯವರು ಮೇಲೆ, ಕಡಿಮೆಯವರು ಕೆಳಗೆ ಎಂದು ಜೋಡಿಸಿ, ಸಹಿ ಹಾಕಿ ಕೊಟ್ಟೆ. ಕೊಟ್ಟು ಊಟಕ್ಕೆ ಹೋದೆ. ಯಾವ ಹೆಸರು ಎಲ್ಲಿ ಹೋಗಿ ಕೂತಿದೆ ಎಂದು ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಮಧ್ಯಾಹ್ನ ಪಟ್ಟಿ ವಾಪಸ್ ಬಂದಾಗ ಕೆಳಗಿನ ಹೆಸರುಗಳ ಮೇಲೆ ಕೆಂಪು ಗೆರೆ ಇತ್ತು. ಎಲ್ಲಕ್ಕಿಂತ ಕೆಳಗಿದ್ದದ್ದು ಉಡುಪಿಯವರು.

ಅವರ ಮಗಳು ಆ ವರ್ಷ ಹನ್ನೆರಡನೇ ಕ್ಲಾಸು. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ, ಹೆಸರು ನೋಂದಾಯಿಸಿದ ಅಲ್ಲಿನ ಶಾಲೆಯಲ್ಲೇ ಬರೆಯಬೇಕು. ಅಪ್ಪನ ವೀಸಾ ರದ್ದಾದರೆ ಅದರ ಮೇಲೆ ನಿಂತ ಹೆಂಡತಿ ಮಗಳ ವೀಸಾನೂ ಖಲಾಸ್. ಜನವರಿ ಕೊನೆಗೆ ಅವರು ಹೊರಟರೆ ಹುಡುಗಿಗೆ ಒಂದು ವರ್ಷ ನಷ್ಟ. ಇದು ನನಗೆ ಗೊತ್ತಿತ್ತು. ಶಾಲೆ ಸೊಹಾರಿನಲ್ಲಿ, ಅವರ ಮನೆ ಸಹಮ್‌ನಲ್ಲಿ ನಮ್ಮ ಬೀದಿಯಲ್ಲೇ. ಸಂಜೆ ಆ ಹುಡುಗಿ ಪುಸ್ತಕ ಹಿಡಿದು ಟೆರೇಸಿನ ಮೇಲೆ ಅಡ್ಡಾಡುವುದನ್ನು ನಾವು ದಿನಾ ನೋಡುತ್ತಿದ್ದೆವು.

ಬಾಸಿಗೆ ಹೇಳಿದೆ. ಆತನಿಗೆ ಬೇಜಾರಾಯಿತು, ಆದರೆ ಲೆಕ್ಕ ಲೆಕ್ಕವೇ. ಮಾರ್ಚಿನಲ್ಲಿ ಒಂದು ದೊಡ್ಡ ಎತ್ತುವಿಕೆ ಬಾಕಿಯಿದೆಯಲ್ಲ, ಎಂದೆ. ಅದಕ್ಕೆ ಕ್ರೇನ್ ಬಾಡಿಗೆಯವರೇ ಒಬ್ಬ ರಿಗ್ಗರನ್ನು ಕಳಿಸುತ್ತಾರೆ, ಫೋನ್ ಮಾಡಿದರೆ ಸಾಕು, ಎಂದ. ಅದರ ಮೇಲೆ ನವೆಂಬರಿನ ಒಂದು ಹಳೆಯ ಕೋಪವೂ ಆತನಿಗಿತ್ತು. ಅವತ್ತು ಎಲ್ಲ ಸಿದ್ಧವಾಗಿ, ನಲವತ್ತು ಜನ ಕಾಯುತ್ತಾ ನಿಂತಾಗ ಉಡುಪಿಯವರು ಸಮುದ್ರದ ಕಡೆ ನೋಡಿ, ಮಧ್ಯಾಹ್ನ ಗಾಳಿ ಬರುತ್ತದೆ, ಇವತ್ತು ಬೇಡ, ಎಂದುಬಿಟ್ಟಿದ್ದರು. ಆ ಮಧ್ಯಾಹ್ನ ಒಂದು ಎಲೆಯೂ ಅಲುಗಲಿಲ್ಲ. ಇಡೀ ದಿನ ಹಾಳಾಗಿತ್ತು. ನಾನಂತೂ ಅದನ್ನೂ ಹಾಳೆಯಲ್ಲಿ ನಷ್ಟವಾದ ಗಂಟೆ ಎಂದು ಬರೆದಿದ್ದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಸಮಾಧಾನ ಹೇಳಿಯಾಳು ಎಂಬ ಆಸೆ. ನಾನು ಸುಳ್ಳೇನೂ ಬರೆದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದೆ, ಎಂದೆ.

"ಸುಳ್ಳು ಬರ್ದಿದೀರಿ ಅಂತ ಯಾರಂದ್ರು? ಅವ್ರು ಆ ಒಂದೊಂದು ಗಂಟೇಲಿ ಏನ್ ಮಾಡಿದ್ರು ಅಂತ ಬರ್ದಿದೀರಾ ಅದ್ರಲ್ಲಿ?" ಎಂದು ಅವಳು ಅಡಿಗೆಮನೆಗೆ ಹೋದಳು. 

ಅವಳ ಮಾತು ತಲೆಯಲ್ಲಿ ಕೊರೆಯತೊಡಗಿತು. ಸೆಪ್ಟೆಂಬರಿನಲ್ಲಿ ಒಂದು ಕಾಲಂ ನೋಡಿ ಕಿಕ್ಕರನನ್ನು ಎಲ್ಲರಿಗಿಂತ ದೊಡ್ಡವನು ಎಂದುಕೊಂಡೆ. ಜನವರಿಯಲ್ಲಿ ಇನ್ನೊಂದು ಕಾಲಂ ನೋಡಿ ರಿಗ್ಗರನ್ನು ಎಲ್ಲರಿಗಿಂತ ಕೆಳಗೆ ಕೂರಿಸಿದೆ. ಎರಡು ಸಲವೂ ಸಂಖ್ಯೆ ಸರಿ, ನಾನು ದಡ್ಡ. ಮೊದಲ ಸಲ ಏಳು ಜನ ನಕ್ಕರು, ಮುಗಿಯಿತು. ಈ ಸಲ ನಾಚಿಕೆಯಾಯಿತು, ನಿಜವಾಗಿಯೂ ನಾಚಿಕೆಯಾಯಿತು.

ಆ ಪಟ್ಟಿಯನ್ನು ಮತ್ತೆ ತೆರೆದೆ. ಗಂಟೆಯ ಪಕ್ಕದಲ್ಲಿ ಒಂದು ಹೊಸ ಕಾಲಂ ಸೇರಿಸಿದೆ: ಆ ಗಂಟೆಗಳಲ್ಲಿ ಕ್ರೇನಿನ ಕೊಕ್ಕೆಗೆ ಏನು ನೇತಾಡುತ್ತಿತ್ತು? ಉಡುಪಿಯವರ ಹೆಸರಿನ ಮುಂದೆ ಒಂದೊಂದಾಗಿ ಬರೆದೆ. ತಿಂಗಳುಗಟ್ಟಲೆ ಕಾದ ಮೇಲೆ ಹಡಗಿನಲ್ಲಿ ಬಂದ ಟ್ಯಾಂಕುಗಳು, ಒಂದು ಗೀರು ಬಿದ್ದರೂ ವಾಪಸ್ ಕಳಿಸಬೇಕಾಗಿದ್ದ ಯಂತ್ರಗಳು, ಕೆಳಗೆ ಮನುಷ್ಯರು ನಿಂತಿರುವಾಗ ಮೇಲೆ ಹೋದ ಕಬ್ಬಿಣದ ತೊಲೆಗಳು. ಬರೆಯುತ್ತಾ ಹೋದರೆ ಕಾರ್ಖಾನೆಯೇ ಆ ಒಂದು ಚೌಕದಲ್ಲಿ ಬಂದು ಕೂತಿತು.

ಇದನ್ನು ಬಾಸಿಗೆ ಯಾವಾಗ ಕೊಡುವುದು ಎಂಬುದರಲ್ಲಿ ಮಾತ್ರ ನಾನು ಸ್ವಲ್ಪ ಕಿಲಾಡಿತನ ಮಾಡಿದೆ. ಲೀಗಿನಲ್ಲಿ ಆಗ ಸೋತವರು ಮನೆಗೆ ಹೋಗುವ ಪಂದ್ಯಗಳು ನಡೆಯುತ್ತಿದ್ದವು. ಒಂದು ಸೋಮವಾರ ಬಾಸ್ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದವನು ಮತ್ತೆ ಎತ್ತಲಿಲ್ಲ. ಆತನ ಊರಿನ ತಂಡ ಎರಡೇ ಅಂಕದಲ್ಲಿ ಸೋತಿತ್ತು. ಖಾಯಂ ಕಿಕ್ಕರಿಗೆ ಕಾಲುನೋವಾಗಿ, ಫೋನ್ ಮಾಡಿ ಕರೆಸಿಕೊಂಡಿದ್ದ ಬದಲಿಯವನು ಕೊನೆಯ ಸೆಕೆಂಡಿನಲ್ಲಿ ಒದ್ದ ಚೆಂಡು ಕಂಬದ ಹೊರಗೆ ಹೋಗಿತ್ತು. ಇನ್‌ಸ್ಪೆಕ್ಟರ್ ಕೂಡ ಆತನ ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ. ನಾನು ಒಂದು ಕಪ್ ಹಾಲಿಲ್ಲದ ಸುಲೈಮಾನಿ ಚಹಾವನ್ನೂ ಆ ಹಾಳೆಯನ್ನೂ ಮೇಜಿನ ಮೇಲೆ ಇಟ್ಟು ನಿಂತೆ.

ಬಾಸ್ ಓದಿದ. ಇಷ್ಟರಲ್ಲಿ ಎಷ್ಟು ಬೀಳಿಸಿದ್ದಾನೆ, ಎಂದು ಕೇಳಿದ. ಒಂದೂ ಇಲ್ಲ, ಎಂದೆ. ನವೆಂಬರಿನದ್ದು, ಎಂದ. ಅದೂ ಬೀಳಲಿಲ್ಲವಲ್ಲ, ಎಂದೆ.  ಆಮೇಲೆ ಕೆಂಪು ಪೆನ್ನಿನಿಂದ ಉಡುಪಿಯವರ ಹೆಸರಿನೆದುರಿನ ಜನವರಿ ಹೊಡೆದು ಮಾರ್ಚ್ ಎಂದು ಬರೆದು, ಪಕ್ಕದಲ್ಲಿ ತನ್ನ ಸಹಿ ಹಾಕಿದ. ಹಾಳೆ ಕೈಗೆ ಕೊಡುವಾಗ, ಡ್ರಾಫ್ಟಿನ ವಿಷಯದಲ್ಲಿ ತಾನು ಹೇಳಿದ್ದೇ ಸರಿ, ಅದು ನೆನಪಿರಲಿ, ಎಂದ. ಖಂಡಿತ, ಎಂದೆ. ಅಷ್ಟು ಬೇಗ ಒಪ್ಪಿದ್ದನ್ನು ನೋಡಿ ಆತನಿಗೇ ಅನುಮಾನ ಬಂತು.

ಸುದ್ದಿ ಹೇಳಲು ನೆರಳಿಗೆ ಹೋದೆ. ಹೇಳಿ, ಮೊದಲ ಪಟ್ಟಿ ಮಾಡಿದ್ದೂ ನಾನೇ ಎಂದೆ.

"ಗೊತ್ತುಂಟು. ನೋಟಿಸು ಕೊಡುವಾಗ ಪಟ್ಟಿ ತೋರಿಸಿದ್ರು, ಕೆಳಗೆ ನಿಮ್ಮ ಸಹಿ ಇತ್ತಲ್ವಾ?" ಬೆಲ್ಟಿನ ಮೇಲಿನ ಬೆರಳು ನಿಲ್ಲಲಿಲ್ಲ. "ಮನೆಯಲ್ಲಿ ಹೇಳಿರ್ಲಿಲ್ಲ ನಾನು. ಮಗಳು ಓದ್ತಾ ಇದ್ದಾಳೆ, ಓದ್ಲಿ ಅಂತ ಬಿಟ್ಟೆ."

ಎರಡು ವಾರ ಆ ಮನುಷ್ಯ ಅದನ್ನು ಒಬ್ಬರೇ ಹೊಟ್ಟೆಯಲ್ಲಿಟ್ಟುಕೊಂಡು, ಸೋಮವಾರ ಬಂದು ನನ್ನ ಕಿಕ್ಕರನ ಕ್ಷೇಮವನ್ನೂ ವಿಚಾರಿಸಿಕೊಂಡು ಹೋಗಿದ್ದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮಾರ್ಚಿನ ಆ ದೊಡ್ಡ ಎತ್ತುವಿಕೆಯೂ ಹುಡುಗಿಯ ಕೊನೆಯ ಪರೀಕ್ಷೆಯೂ ಒಂದೇ ದಿನ ಬಿದ್ದವು. ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು ಉಡುಪಿಯವರು ಸೈಟಿಗೆ ಬಂದರು. ಏಳುವುದಿದ್ದದ್ದು ಒಂದು ಎತ್ತರದ ಗೋಪುರದಂಥ ಉಕ್ಕಿನ ಪಾತ್ರೆ, ನಮ್ಮ ಪ್ರಾಜೆಕ್ಟಿನಲ್ಲೇ ದೊಡ್ಡದು. ಮಲಗಿದ್ದದ್ದನ್ನು ನಿಧಾನಕ್ಕೆ ನೆಟ್ಟಗೆ ಮಾಡಿ, ಬುಡವನ್ನು ಬೋಲ್ಟುಗಳ ನಡುವೆ ಕೂರಿಸಬೇಕು. ಉಡುಪಿಯವರು ಒಮ್ಮೆ ಸಮುದ್ರದ ಕಡೆ ನೋಡಿದರು. ನಾವೆಲ್ಲ ಅವರನ್ನು ನೋಡಿದೆವು. ಯಲ್ಲಾ, ಶುರು ಮಾಡುವ, ಎಂದು ಬೆರಳು ಮೇಲೆ ಮಾಡಿದರು.

ಮುಕ್ಕಾಲು ಗಂಟೆ ಕ್ರೇನು ಆ ಒಂದು ಕೈಯನ್ನೇ ಅನುಸರಿಸಿತು. ಪಾತ್ರೆ ಎದ್ದು ನೆಟ್ಟಗಾಗಿ, ಬೋಲ್ಟುಗಳಿಗೆ ಇನ್ನೊಂದು ಗೇಣು ಇರುವಾಗ ನನ್ನ ಪಕ್ಕದಲ್ಲಿ ನಿಂತಿದ್ದ ಬಾಸಿಗೆ ತಡೆಯಲಾಗಲಿಲ್ಲ. ಕಿಕ್ ಕಂಬಗಳ ನಡುವೆ ಹೋದಾಗ ಅಲ್ಲಿನ ಅಂಪೈರ್ ಮಾಡುವ ಹಾಗೆ ಎರಡೂ ಕೈ ನೆಟ್ಟಗೆ ಆಕಾಶಕ್ಕೆ ಎತ್ತಿಬಿಟ್ಟ. ಕ್ರೇನ್ ಗಕ್ಕನೆ ನಿಂತಿತು. ಪಾತ್ರೆ ಗೇಣು ಎತ್ತರದಲ್ಲಿ ತೂಗತೊಡಗಿತು.

"ಹ್ಯಾಂಡ್ಸ್ ಡೌನ್," ಎಂದು ಉಡುಪಿಯವರು ಗದರಿದರು. ಕಣ್ಣು ಪಾತ್ರೆಯ ಮೇಲೇ ಇತ್ತು, ಯಾರ ಕೈ ಎಂದು ತಿರುಗಿಯೂ ನೋಡಲಿಲ್ಲ.

ಇಡೀ ಸೈಟಿಗೆ ಯಜಮಾನನಾದ ಆ ಎತ್ತರದ ಮನುಷ್ಯ ಕೈಗಳನ್ನು ಇಳಿಸಿ ಎರಡನ್ನೂ ಜೇಬಿಗೆ ಹಾಕಿಕೊಂಡ. ನನಗೆ ನಗು ಬಂತು, ಆದರೆ ನಗುವ ಹಾಗಿರಲಿಲ್ಲ. ತೂಗು ನಿಲ್ಲುವವರೆಗೂ ಉಡುಪಿಯವರ ಮುಷ್ಟಿ ಬಿಗಿಯಾಗಿಯೇ ಇತ್ತು, ಒಂದಿಷ್ಟೂ ಅಲುಗಲಿಲ್ಲ. ಆಮೇಲೆ ಬೆರಳು ಕೆಳಗೆ ಬಂತು, ಪಾತ್ರೆ ಕೂತಿತು. ಆ ದಿನದ ಹಾಳೆಯಲ್ಲಿ ಅವರ ಹೆಸರಿನ ಮುಂದೆ ಒಂದು ಗಂಟೆ ಎಂದು ಬರೆದೆ.

ಎಲ್ಲರೂ ಚಪ್ಪಾಳೆ ತಟ್ಟಿ ಬಾಸಿನ ಸುತ್ತ ಸೇರಿದರು. ಉಡುಪಿಯವರು ಮಾತ್ರ ನೆರಳಿಗೆ ಬಂದು ಗಡಿಯಾರ ನೋಡಿಕೊಂಡು ಮೊಬೈಲ್ ತೆಗೆದರು. ನಾನು ಪಕ್ಕದಲ್ಲೇ ಇದ್ದೆ. ಪರೀಕ್ಷೆ ಮುಗಿಸಿದ ಹುಡುಗಿ ತಾಯಿಯ ಫೋನಿನಿಂದ ಮಾತಾಡುತ್ತಿದ್ದಳು. ಇವರು ಕೊಂಕಣಿಯಲ್ಲಿ ಏನೋ ಕೇಳಿದರು. ಅವಳು ಇಂಗ್ಲಿಷಿನಲ್ಲಿ, ಇಟ್ ವಾಸ್ ಈಸಿ ಪಪ್ಪಾ, ಎಂದದ್ದು ನನಗೂ ಕೇಳಿಸಿತು. ಅವಳಿಗೆ ಏನೊಂದೂ ಗೊತ್ತಿರಲಿಲ್ಲ.

ಫೋನ್ ಇಟ್ಟು ಚಹಾ ಬಗ್ಗಿಸಲು ಫ್ಲಾಸ್ಕ್ ಎತ್ತಿಕೊಂಡರು. ಮುಚ್ಚಳ ತಿರುಗಿಸಲು ಆಗಲಿಲ್ಲ. ಎರಡೂ ಕೈ ನಡುಗುತ್ತಿದ್ದವು. ಅವರ ಕೈ ನಡುಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಫ್ಲಾಸ್ಕನ್ನು ನನ್ನ ಕಡೆ ಚಾಚಿದರು. ಮುಚ್ಚಳ ತೆಗೆದು, ಮೊದಲು ಅವರಿಗೆ ಬಗ್ಗಿಸಿ, ಉಳಿದದ್ದನ್ನು ನಾನು ಕುಡಿದೆ.